ಡೈರಿಲಿ ಬರೆದ ಮೂರು ಸಾಲು, ಎರಡು ತಿಂಗಳ ರಗಳೆ: ಒಂದು ಪ್ರಕರಣ

ಮೊದ್ಲೇ ಹೇಳ್ಬಿಡ್ತೀನಿ, ಇದ್ರಲ್ಲಿ ನನ್ನ ತಪ್ಪೂ ಇದೆ, ಅದೂ ಸಣ್ಣದಲ್ಲ. ನಾನು ಚಿಕ್ಕ ಮಕ್ಕಳ ಸೆಕ್ಷನ್‌ಗೆ ಕೋಆರ್ಡಿನೇಟರ್, ಅಂದ್ರೆ ಟೀಚರ್‌ಗೂ ಪೇರೆಂಟ್ಸ್‌ಗೂ ಜಟಾಪಟಿ ಆದಾಗ ಮಧ್ಯೆ ನಿಂತು ಎರಡೂ ಕಡೆಯಿಂದ ಬೈಸ್ಕೊಳ್ಳೋ ಕೆಲಸ. ಶಾಲೆ ಯಾವ್ದು, ಮಗು ಯಾರ್ದು ಅನ್ನೋದು ಬೇಡ, ಗುರುತು ಸಿಗೋ ವಿವರ ಎಲ್ಲಾ ತೆಗ್ದಿದೀನಿ. ಮಗೂನ ಪುಟ್ಟಿ ಅಂತ ಕರೀತೀನಿ.

ಪುಟ್ಟಿಗೆ ಆಗ 4 ವರ್ಷ 3 ತಿಂಗಳು. ಕ್ಲಾಸಲ್ಲಿ 24 ಮಕ್ಕಳು, ಒಬ್ರು ಮಿಸ್ಸು, ಒಬ್ರು ಆಯಮ್ಮ. ಶಾಲೆ ಶುರುವಾಗಿ ಮೂರು ವಾರ ಏನೂ ತೊಂದ್ರೆ ಇರ್ಲಿಲ್ಲ, ಆಮೇಲೆ ಬಟ್ಟೆ ಒದ್ದೆ ಆಗೋಕೆ ಶುರುವಾಯ್ತು. ಮೊದ್ಲು ವಾರಕ್ಕೊಂದು ಸಲ, ಆಮೇಲೆ ದಿನ ಬಿಟ್ಟು ದಿನ, ಆರನೇ ವಾರದ ಹೊತ್ತಿಗೆ ಹೆಚ್ಚುಕಮ್ಮಿ ದಿನಾ. ಆಯಮ್ಮ ಬಟ್ಟೆ ಬದಲಾಯ್ಸಿ, ಒದ್ದೆ ಬಟ್ಟೇನ ಪ್ಲಾಸ್ಟಿಕ್ ಕವರಲ್ಲಿ ತುಂಬಿ, ಬಾಯಿಗೆ ಗಂಟು ಹಾಕಿ ಬ್ಯಾಗಲ್ಲಿ ಇಡೋರು. ಯಾರೂ ಒಂದಕ್ಷರ ಬರೀತಿರ್ಲಿಲ್ಲ. ಮೂರು ವಾರ ಶಾಲೆಯಿಂದ ಮನೆಗೆ ಹೋದ ಸುದ್ದಿ ಅಂದ್ರೆ ಆ ಗಂಟು ಅಷ್ಟೇ.

ಆರನೇ ವಾರದ ಗುರುವಾರ ಮಿಸ್ಸು ಡೈರಿಲಿ ಬರೆದ್ರು, ಕೆಂಪು ಪೆನ್ನಲ್ಲಿ. ಬೇಕಂತ ಕೆಂಪಲ್ಲ, ಬುಕ್ ಕರೆಕ್ಷನ್ ಮಾಡ್ತಿದ್ರು, ಕೈಲಿ ಅದೇ ಇತ್ತು.

"ನಿಮ್ಮ ಮಗಳು ಇವತ್ತೂ ಬಟ್ಟೆ ಒದ್ದೆ ಮಾಡಿಕೊಂಡಿದ್ದಾಳೆ. ಕ್ಲಾಸಿಗೆ ತುಂಬಾ ತೊಂದರೆ ಆಗುತ್ತಿದೆ. ದಯವಿಟ್ಟು ಮನೆಯಲ್ಲಿ ಸರಿಯಾಗಿ ಟಾಯ್ಲೆಟ್ ಟ್ರೈನಿಂಗ್ ಕೊಡಿ."

ಮಾರನೇ ದಿನ ಅದರ ಕೆಳಗೇ ಉತ್ತರ ಬಂತು, ಪೆನ್ನು ಎಷ್ಟು ಒತ್ತಿದ್ರು ಅಂದ್ರೆ ಹಿಂದಿನ ಹಾಳೆಲೂ ಅಕ್ಷರ ಮೂಡಿತ್ತು.

"ನಮ್ಮ ಮಗಳು ಮನೆಯಲ್ಲಿ ಒಂದು ದಿನವೂ ಹೀಗೆ ಮಾಡಿಲ್ಲ. ಎರಡೂವರೆ ವರ್ಷಕ್ಕೇ ಎಲ್ಲಾ ಕಲಿತಿದ್ದಾಳೆ. ನೀವು ಟೈಮಿಗೆ ಸರಿಯಾಗಿ ಟಾಯ್ಲೆಟ್ಟಿಗೆ ಕರೆದುಕೊಂಡು ಹೋಗುತ್ತಿದ್ದೀರಾ? ನಿಮಗೂ ಮಕ್ಕಳಿದ್ದಿದ್ದರೆ ಗೊತ್ತಾಗುತ್ತಿತ್ತು."

ಮಿಸ್ಸಿಗೆ ಮಕ್ಕಳಿಲ್ಲ. ಡೈರಿ ತಂದು ನನ್ನ ಟೇಬಲ್ ಮೇಲಿಟ್ಟು, ಒಂದು ಮಾತೂ ಆಡ್ದೆ ಕ್ಲಾಸಿಗೆ ವಾಪಸ್ ಹೋದ್ರು.

ಅಲ್ಲಿಗೆ ನಿಂತಿದ್ರೆ ಪರವಾಗಿರ್ಲಿಲ್ಲ. ಅವತ್ತು ರಾತ್ರಿ ಪುಟ್ಟಿ ಅಪ್ಪ ಆ ಕೆಂಪು ನೋಟ್‌ದು ಫೋಟೋ ತೆಗ್ದು ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ರು, "ಟೀಚರ್ ಬರೆಯೋ ರೀತಿ ಇದೇನಾ" ಅಂತ. ಬೆಳಗಾಗೋದ್ರೊಳಗೆ ಅರ್ಧ ಜನ ಮಿಸ್ಸಿಗೆ ಬೈದಿದ್ರು, ಇನ್ನರ್ಧ ಜನ "ನಮ್ಮ ಮಗು ಪಕ್ಕದಲ್ಲಿ ಕೂತ್ಕೊಳ್ಳೋದು, ಹೈಜೀನ್ ಕಥೆ ಏನು" ಅಂತ ಕೇಳಿದ್ರು. ಮಗಳ ಮಾನ ಉಳಿಸೋಕೆ ಹೋಗಿ ಅವ್ರೇ ವಿಷ್ಯಾನ ಇನ್ನ 23 ಮನೆಗೆ ತಲುಪಿಸಿದ್ರು. ಸೋಮವಾರ ಒಬ್ಬ ಹುಡುಗ ಪುಟ್ಟೀನ ಕ್ಲಾಸಲ್ಲೇ "ಸುಸು ಪುಟ್ಟಿ" ಅಂದ. ನಾಲ್ಕು ವರ್ಷದವನಿಗೆ ಅದು ಎಲ್ಲಿಂದ ಬಂತು ಅಂತ ಬೇರೆ ಹೇಳ್ಬೇಕಿಲ್ಲ.

ಈಗ ಆ ಮೂರು ಸಾಲನ್ನ ಸ್ವಲ್ಪ ನಿಧಾನಕ್ಕೆ ನೋಡೋಣ, ಯಾಕಂದ್ರೆ ಮಿಸ್ಸು ನನ್ ಹತ್ರ ಕೇಳಿದ್ದು ಅದನ್ನೇ, "ಮೇಡಂ ನಾನು ಬರೆದಿದ್ರಲ್ಲಿ ಸುಳ್ಳೇನಿದೆ?" ಅಂತ. ಸುಳ್ಳು ಮೊದಲ್ನೇ ಸಾಲಲ್ಲಿಲ್ಲ. ಆದ್ರೆ "ಇವತ್ತೂ" ಅನ್ನೋ ಪದ ನೋಡಿ. ಇವತ್ತು ಅಂದಿದ್ರೆ ಸುದ್ದಿ, ಇವತ್ತೂ ಅಂದ್ರೆ ದೂರು. ಒಂದು ದೀರ್ಘ ಎಳೆದಿದ್ದಕ್ಕೆ ಹಿಂದಿನ ಮೂರು ವಾರದ ಬಾಕಿ ಎಲ್ಲಾ ಒಳಗೆ ಬಂದು ಕೂತ್ಬಿಡ್ತು, ಮಜಾ ಅಂದ್ರೆ ಆ ಮೂರು ವಾರ ನಾವು ಅವ್ರಿಗೆ ಏನೂ ಹೇಳೇ ಇರ್ಲಿಲ್ಲ, ಅಮ್ಮನ ಪಾಲಿಗೆ ಅದೇ ಮೊದಲ್ನೇ ದಿನ. ಆಮೇಲೆ "ಮಾಡಿಕೊಂಡಿದ್ದಾಳೆ". ನಮ್ಮ ಭಾಷೇಲಿ "ಒದ್ದೆ ಆಯ್ತು" ಅಂತನೂ ಹೇಳ್ಬಹುದು, "ಒದ್ದೆ ಮಾಡ್ಕೊಂಡ್ಳು" ಅಂತನೂ ಹೇಳ್ಬಹುದು, ಎರಡಕ್ಕೂ ನಡುವೆ ಒಂದು ಕೋರ್ಟ್ ಕೇಸಿನಷ್ಟು ಅಂತರ ಇದೆ. ಅದೇ ನೋಟಲ್ಲಿ ಕ್ಲಾಸಿಗೆ ಮಾತ್ರ ತೊಂದರೆ "ಆಗುತ್ತಿದೆ". ಮಗು ಮಾಡುತ್ತೆ, ನಮಗೆ ಆಗುತ್ತೆ. ಇನ್ನು ದಯವಿಟ್ಟು ಅನ್ನೋದು ಬಾಯಲ್ಲಿ ಹೇಳಿದ್ರೆ ವಿನಂತಿ, ಕೆಂಪು ಇಂಕಲ್ಲಿ "ಸರಿಯಾಗಿ" ಅನ್ನೋದ್ರ ಪಕ್ಕ ಬಂದ್ರೆ ಓದೋರಿಗೆ ದಯೆ ಬಿಟ್ಟು ಅಂತ ಕೇಳ್ಸುತ್ತೆ.

ಮಿಸ್ಸು ಕೆಟ್ಟೋರಲ್ಲ. ಊಟದ ಬ್ರೇಕಲ್ಲಿ ನಾಲ್ಕು ಡೈರಿ ಒಟ್ಟಿಗೆ ಬರೀತಿದ್ರು, ಒಂದಕ್ಕೆ ಎರಡು ನಿಮಿಷನೂ ಸಿಕ್ಕಿರಲ್ಲ. ಅವ್ರ ತಲೇಲಿ ಆ ಸಾಲು ಅವ್ರದೇ ದನಿಯಲ್ಲಿ ಓಡ್ತಿತ್ತು, ಮೆತ್ತಗೆ, ಸ್ವಲ್ಪ ನಗ್ತಾ. ಹಾಳೆ ಮೇಲೆ ಆ ದನಿ ಹೋಗ್ಲಿಲ್ಲ. ಇದರ ಬಗ್ಗೆ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಅನ್ನೋ ಮನಶ್ಶಾಸ್ತ್ರಜ್ಞರು ಮತ್ತವರ ಜೊತೆಯವರು 2005ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ: ಕೆಲವು ವಾಕ್ಯ ವ್ಯಂಗ್ಯವಾಗಿ, ಕೆಲವು ಸೀರಿಯಸ್ಸಾಗಿ ಇಮೇಲಲ್ಲಿ ಬರೆದು ಕಳಿಸ್ಬೇಕು, ಆ ಕಡೆಯವ್ರು ಯಾವ್ದು ಯಾವ್ದು ಅಂತ ಗುರುತಿಸ್ಬೇಕು. ಬರೆದೋರು 100ಕ್ಕೆ ಸುಮಾರು 78 ಸಲ ಸರಿಯಾಗಿ ಅರ್ಥ ಆಗುತ್ತೆ ಅಂತ ಅಂದ್ಕೊಂಡಿದ್ರು, ಓದಿದೋರಿಗೆ ಅರ್ಥ ಆಗಿದ್ದು 56 ಸಲ. ಕಾಯಿನ್ ಚಿಮ್ಮಿದ್ರೂ 50 ಬರುತ್ತೆ. ಮಿಸ್ಸಿಗೆ ಇದನ್ನ ಹೇಳ್ದಾಗ ಅವ್ರು ಮೊದ್ಲು ಕೇಳಿದ್ದು "ಹಂಗಾದ್ರೆ ಆ ಅಮ್ಮ ಬರೆದಿದ್ದು ಕೂಡ ಅಷ್ಟು ಖಾರ ಇರ್ಲಿಲ್ವಾ" ಅಂತ. ಒಳ್ಳೆ ಪ್ರಶ್ನೆ, ಅದಕ್ಕೆ ಆಮೇಲೆ ಬರ್ತೀನಿ.

ನನ್ನ ತಪ್ಪು ಈಗ ಬರುತ್ತೆ. ಗ್ರೂಪಲ್ಲಿ ಬೆಂಕಿ ಹತ್ತಿದ ಮೇಲೆ ನಾನು ಹೀರೋ ಥರ ಎಂಟ್ರಿ ಕೊಟ್ಟು ಒಂದು ಪತ್ರ ಬರೆದೆ. ಅದನ್ನ ಇಲ್ಲಿ ಹಾಕೋಕೆ ನಾಚಿಕೆ ಆಗುತ್ತೆ, ಆದ್ರೂ ಇರ್ಲಿ.

"ಪ್ರೀತಿಯ ಪೋಷಕರೇ, ನಿಮ್ಮ ಮಗಳು ಬಹಳ ಮುದ್ದಾದ, ಚುರುಕಾದ ಹುಡುಗಿ. ಅವಳ ನಗು ನಮ್ಮ ಕ್ಲಾಸಿಗೇ ಒಂದು ಕಳೆ. ಈ ವಯಸ್ಸಿನಲ್ಲಿ ಸಣ್ಣಪುಟ್ಟ ಘಟನೆಗಳು ಸಹಜ. ಮನೆ ಮತ್ತು ಶಾಲೆ ಕೈಜೋಡಿಸಿ ಮುನ್ನಡೆಯೋಣ. ಅವಳ ಚಿತ್ರಗಳಂತೂ ತುಂಬಾ ಚೆನ್ನಾಗಿವೆ."

ಉತ್ತರ: "ಓಕೆ." ಅಷ್ಟೇ, ಫುಲ್‌ಸ್ಟಾಪ್ ಸಮೇತ.

ಮುಂದೆ ಒಂದಿನ ಅಮ್ಮ ನನ್ನೆದುರು ಕೂತು ಹೇಳಿದ್ದು ಕೇಳಿ: "ನಿಮ್ ಪತ್ರ ನಾಲ್ಕು ಸಲ ಓದ್ದೆ ಮೇಡಂ, ಇವ್ರು ಇಷ್ಟೊಂದು ಹೊಗಳ್ತಿದಾರೆ ಅಂದ್ರೆ ಮಗೂನ ಶಾಲೆಯಿಂದ ತೆಗ್ಸೋಕೆ ಪೀಠಿಕೆ ಹಾಕ್ತಿದಾರೆ ಅಂತ ಅಂದ್ಕೊಂಡೆ, ಅವತ್ತು ರಾತ್ರಿ ಬೇರೆ ಶಾಲೆಗಳದ್ದು ನಂಬರ್ ಹುಡುಕಿದೆ." ಹೊಗಳಿ ಹೊನ್ನಶೂಲಕ್ಕೆ ಏರ್ಸೋದು ಅಂತಾರಲ್ಲ, ನಾನು ಮಾಡಿದ್ದು ಅದೇ. ಮಿಸ್ಸಿನ ನೋಟಲ್ಲಿ ಮಗು ಒದ್ದೆಯಾಗಿದೆ ಅನ್ನೋದಾದ್ರೂ ಗೊತ್ತಾಗ್ತಿತ್ತು, ನನ್ನದ್ರಲ್ಲಿ ಅದೂ ಇಲ್ಲ, "ಸಣ್ಣಪುಟ್ಟ ಘಟನೆ" ಅಂತೆ. ಮೊದ್ಲು ಹೊಗಳು, ಮಧ್ಯೆ ವಿಷ್ಯ ತುರುಕು, ಕೊನೆಗೆ ಮತ್ತೆ ಹೊಗಳು ಅಂತ ಟ್ರೈನಿಂಗಲ್ಲಿ ಹೇಳ್ಕೊಡ್ತಾರೆ, ನಾನೂ ಎಷ್ಟೋ ಜನಕ್ಕೆ ಹೇಳ್ಕೊಟ್ಟಿದೀನಿ. ಪೇರೆಂಟ್ಸು ಒಂದೆರಡು ಸಲ ಅಂಥದ್ದನ್ನ ನೋಡಿದ್ಮೇಲೆ ಹೊಗಳಿಕೆ ಕಂಡ ಕೂಡ್ಲೇ ಎದೆ ಹೊಡ್ಕೊಳ್ಳೋಕೆ ಶುರು ಆಗುತ್ತೆ, ಅದು ಯಾವ ಟ್ರೈನಿಂಗಲ್ಲೂ ಇರಲ್ಲ.

ತಿರುವು ಸಿಕ್ಕಿದ್ದು ಆಯಮ್ಮನಿಂದ. ಅವ್ರನ್ನ ಯಾರೂ ಕೇಳಿರ್ಲಿಲ್ಲ. ಒಂದಿನ ಸುಮ್ನೆ ಕೇಳ್ದೆ, ಇದು ಯಾವಾಗ ಆಗುತ್ತೆ ಅಂತ. "ಯಾವಾಗ್ಲೂ ಹೊರಗೆ ಆಟ ಆಡಿ ಬಂದ್ಮೇಲೆನೇ ಮೇಡಂ" ಅಂದ್ರು. ಆಮೇಲೆ "ಅವ್ಳ ನೀರಿನ ಬಾಟ್ಲಿ ದಿನಾ ತುಂಬಿದ್ದು ತುಂಬಿದಂಗೇ ಇರುತ್ತೆ" ಅಂದ್ರು. ಆಮೇಲೆ, ಸುಮಾರು ಹೊತ್ತು ಬಿಟ್ಟು, "ಫ್ಲಶ್ ಸದ್ದಿಗೆ ಕಿವಿ ಮುಚ್ಕೋತಾಳೆ, ನಾನು ತಮಾಷೆಗೆ ಮಾಡ್ತಾಳೆ ಅಂದ್ಕೊಂಡಿದ್ದೆ" ಅಂದ್ರು.

ಸರಿ, ಒಂದು ಚೀಟಿ ಮಾಡಿದ್ವಿ, ಕ್ಲಾಸಿನ ಕಪಾಟಿನ ಬಾಗಿಲಿನ ಒಳಗಡೆ ಅಂಟ್ಸಿದ್ವಿ, ಹೊರಗಡೆ ಅಲ್ಲ. ಮೂರೇ ಕಾಲಂ: ಎಷ್ಟೊತ್ತಿಗೆ, ಅದಕ್ಕೆ ಸ್ವಲ್ಪ ಮುಂಚೆ ಏನು ನಡೀತಿತ್ತು, ಆಮೇಲೆ ನಾವು ಏನ್ ಮಾಡಿದ್ವಿ. ಮಕ್ಕಳ ವರ್ತನೆ ಬಗ್ಗೆ ಕೆಲಸ ಮಾಡೋರು ಇಂಥದ್ದನ್ನೇ ಎಬಿಸಿ ಚಾರ್ಟ್ ಅಂತಾರೆ (ಆಂಟಿಸಿಡೆಂಟ್, ಬಿಹೇವಿಯರ್, ಕಾನ್ಸಿಕ್ವೆನ್ಸ್, ಅಂದ್ರೆ ಮುಂಚೆ ನಡೆದಿದ್ದು, ಮಗು ಮಾಡಿದ್ದು, ಆಮೇಲೆ ಆಗಿದ್ದು), ಹೆಸರು ದೊಡ್ಡದು, ಕೆಲಸ ಇಷ್ಟೇ. ಯಾಕೆ ಆಯ್ತು ಅನ್ನೋ ಕಾಲಂ ಬೇಕಂತಲೇ ಇಡ್ಲಿಲ್ಲ, ಇಟ್ರೆ ಎಲ್ರೂ ಮೊದ್ಲು ಅದನ್ನೇ ತುಂಬ್ತಾರೆ, "ಹಠ", "ಸೋಮಾರಿತನ", "ಮನೇಲಿ ಮುದ್ದು ಜಾಸ್ತಿ", ಹಿಂಗೆ.

ಐದು ದಿನದಲ್ಲಿ ಚೀಟಿ ಹೇಳಿದ್ದು: ಸೋಮವಾರ 11:40, ಮಂಗಳವಾರ 11:50, ಗುರುವಾರ 11:35, ಶುಕ್ರವಾರ 11:45. ಬುಧವಾರ ಖಾಲಿ. ಬುಧವಾರ ಏನ್ ವಿಶೇಷ ಅಂದ್ರೆ ನಮ್ಮ ಫ್ಲೋರಿನ ಟಾಯ್ಲೆಟ್ಟಲ್ಲಿ ನಲ್ಲಿ ಕೆಟ್ಟಿತ್ತು, ಮಕ್ಕಳನ್ನೆಲ್ಲಾ ಕೆಳಗಿನ ಟಾಯ್ಲೆಟ್ಟಿಗೆ ಕರ್ಕೊಂಡು ಹೋಗಿದ್ರು, ಅಲ್ಲಿ ಫ್ಲಶ್ ಸದ್ದೇ ಇಲ್ಲ, ಬಕೆಟ್ಟಿಂದ ನೀರು ಹಾಕೋದು.

ಆ ಶುಕ್ರವಾರ ಮಧ್ಯಾಹ್ನ ಮಕ್ಕಳೆಲ್ಲಾ ಹೋದ್ಮೇಲೆ ಮಿಸ್ಸು ಕೂತು ಮತ್ತೆ ಬರೆದ್ರು. ನಾನು ಪಕ್ಕದಲ್ಲಿ ಕೂತಿದ್ದೆ ಅಷ್ಟೇ. ಮೊದಲ ಡ್ರಾಫ್ಟಲ್ಲಿ "ಅವಳಿಗೆ ಭಯದ ಸಮಸ್ಯೆ ಇದೆ, ಕೌನ್ಸೆಲರ್‌ಗೆ ತೋರಿಸಿ" ಅಂತ ಒಂದು ಸಾಲಿತ್ತು, ಅದನ್ನ ತೆಗೀರಿ ಅಂದೆ. ಕಿವಿ ಮುಚ್ಕೊಂಡಿದ್ದು ನಾವು ಕಂಡಿದ್ದು, ಭಯದ ಸಮಸ್ಯೆ ಅನ್ನೋದು ನಾವು ಕಟ್ಟಿದ್ದು. ಮಿಸ್ಸು ಸ್ವಲ್ಪ ವಾದ ಮಾಡಿದ್ರು, ಆಮೇಲೆ ತೆಗೆದ್ರು. ಕೊನೆಗೆ ಹೋಗಿದ್ದು ಇದು:

"ಪುಟ್ಟಿ ಅಮ್ಮನಿಗೆ ನಮಸ್ತೆ. ಈ ವಾರ ನಾಲ್ಕು ದಿನ ಪುಟ್ಟಿ ಬಟ್ಟೆ ಒದ್ದೆ ಆಯ್ತು. ಸೋಮವಾರ 11:40, ಮಂಗಳವಾರ 11:50, ಗುರುವಾರ 11:35, ಶುಕ್ರವಾರ 11:45, ಎಲ್ಲಾ ಹೊರಗೆ ಆಡಿ ಬಂದ ಮೇಲೆ. ಬುಧವಾರ ಆಗಲಿಲ್ಲ, ಅವತ್ತು ಮಕ್ಕಳು ಕೆಳಗಿನ ಟಾಯ್ಲೆಟ್ಟಿಗೆ ಹೋಗಿದ್ದರು. ಮೇಲಿನ ಟಾಯ್ಲೆಟ್ಟಿನಲ್ಲಿ ಫ್ಲಶ್ ಸದ್ದಾದಾಗ ಅವಳು ಕಿವಿ ಮುಚ್ಚಿಕೊಳ್ಳುತ್ತಾಳೆ. ನೀರಿನ ಬಾಟಲಿ ತುಂಬಿದ ಹಾಗೇ ಉಳಿಯುತ್ತಿದೆ. ಸೋಮವಾರದಿಂದ ಅವಳನ್ನು ಕೆಳಗೇ ಕಳಿಸುತ್ತೇವೆ, 11 ಗಂಟೆಗೆ ಆಟಕ್ಕೆ ಮುಂಚೆನೇ. ಮನೆಯಲ್ಲಿ ಇದಕ್ಕೆ ಹೊಂದುವ ಹಾಗೆ ಏನಾದರೂ ಕಂಡಿದ್ದರೆ ಬರೆಯಿರಿ, ನಮಗೆ ಕಾಣದ್ದು ನಿಮಗೆ ಕಂಡಿರುತ್ತದೆ. ಹಿಂದಿನ ನೋಟ್ ಅವಸರದಲ್ಲಿ ಬರೆದೆ, ಹಾಗೆ ಬರೆಯಬಾರದಿತ್ತು."

ಇದರಲ್ಲಿ ಚೆಂದದ ಮಾತು ಒಂದೂ ಇಲ್ಲ. ಟೈಮು, ಜಾಗ, ನಾವೇನ್ ಮಾಡ್ತೀವಿ, ಒಂದು ಪ್ರಶ್ನೆ. ಆ ಪ್ರಶ್ನೆ "ಯಾಕೆ ಹೀಗೆ ಮಾಡ್ತಾಳೆ" ಅಂತ ಇದ್ದಿದ್ರೆ ಅಮ್ಮ ಮತ್ತೆ ಡಿಫೆನ್ಸಿಗೆ ಇಳೀತಿದ್ರು. ಡೈರಿಲಿ ಬರೀಲಿಲ್ಲ, ಕವರಲ್ಲಿ ಹಾಕಿ ಅಂಟ್ಸಿ, ಮೇಲೆ ಅಮ್ಮನ ಹೆಸರು ಬರೆದು ಕಳಿಸಿದ್ವಿ. ಕವರ್ ಯಾಕೆ ಬೇಕಿತ್ತು ಅನ್ನೋದು ಅವ್ರ ಉತ್ತರ ಬಂದಾಗ ಇನ್ನೂ ಸರಿಯಾಗಿ ಗೊತ್ತಾಯ್ತು.

ಸೋಮವಾರ ಬಂತು ಉತ್ತರ, ಹಾಳೆ ಎರಡೂ ಕಡೆ ತುಂಬಿತ್ತು. ಪೂರ್ತಿ ಹಾಕಲ್ಲ, ಬೇಕಾಗಿರೋದು ಹೇಳ್ತೀನಿ. ಮೊದಲ್ನೇದು, ಮನೇಲಿ ಒಂದು ದಿನವೂ ಆಗಿಲ್ಲ ಅಂತ ಬರೆದಿದ್ದು ಪೂರ್ತಿ ನಿಜ ಅಲ್ವಂತೆ, ಎರಡು ಮೂರು ಸಲ ಆಗಿತ್ತಂತೆ. ಶಾಲೆಯಿಂದ ಮಗೂನ ಕರ್ಕೊಂಡು ಬರೋದು ಅಜ್ಜಿ, ಡೈರಿ ಮೊದ್ಲು ತೆಗ್ದು ಓದೋದೂ ಅಜ್ಜಿ. ಕೆಂಪು ನೋಟ್ ಓದಿ ಅಜ್ಜಿ ಎಲ್ರ ಮುಂದೆ "ನೋಡು, ನಾನ್ ಹೇಳಿರ್ಲಿಲ್ವಾ, ನೀನು ಕೆಲಸ ಕೆಲಸ ಅಂತ ಓಡಾಡಿದ್ರೆ ಮಗೂಗೆ ಕಲ್ಸೋರು ಯಾರು" ಅಂದಿದ್ರಂತೆ. ಅಮ್ಮ ರಾತ್ರಿ ಹತ್ತೂವರೆಗೆ ಅಷ್ಟು ಒತ್ತಿ ಬರೆದಿದ್ದು ಮಿಸ್ಸಿಗಲ್ಲ, ಬೆಳಿಗ್ಗೆ ಡೈರಿ ತೆಗ್ದು ಓದೋ ಅತ್ತೆಗೆ. ಮಿಸ್ಸು ಕೇಳಿದ್ರಲ್ಲ ಅಷ್ಟು ಖಾರ ಇರ್ಲಿಲ್ವಾ ಅಂತ, ಖಾರ ಇತ್ತು, ವಿಳಾಸ ಬೇರೆ ಇತ್ತು. ಮಕ್ಕಳಿದ್ದಿದ್ದರೆ ಅನ್ನೋ ಸಾಲಿಗೆ ಕ್ಷಮೆ ಕೇಳಿದ್ರು, ಅದೊಂದಕ್ಕೆ ಮಾತ್ರ ನೆಪ ಏನೂ ಹೇಳಿರ್ಲಿಲ್ಲ.

ಎರಡನೇದು ಕೊನೇಲಿತ್ತು, ಹೇಳೋದೋ ಬೇಡ್ವೋ ಅನ್ನೋ ಥರ ಚಿಕ್ಕ ಅಕ್ಷರದಲ್ಲಿ: "ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ, ಅವಳು ಮೋಷನ್ ಹೋಗುವುದು ಮೂರು ನಾಲ್ಕು ದಿನಕ್ಕೊಮ್ಮೆ, ತುಂಬಾ ಗಟ್ಟಿ, ಅಳುತ್ತಾಳೆ. ಶಾಲೆ ಶುರುವಾದ ಮೇಲೆ ಜಾಸ್ತಿ ಆಗಿದೆ."

ಸಂಬಂಧ ಇದೆ, ಚೆನ್ನಾಗೇ ಇದೆ. ಮಲ ಕಟ್ಕೊಂಡು ಗುದನಾಳ ತುಂಬಿ ಉಬ್ಬಿದ್ರೆ ಅದು ಮುಂದಿರೋ ಮೂತ್ರಕೋಶವನ್ನ ಒತ್ತುತ್ತೆ, ಆಗ ಅದ್ರಲ್ಲಿ ಹಿಡಿಯೋದು ಕಮ್ಮಿ, ಒಮ್ಮೊಮ್ಮೆ ತಡೆಯೋಕೆ ಟೈಮೇ ಕೊಡಲ್ಲ. ಹಗಲಲ್ಲಿ ಬಟ್ಟೆ ಒದ್ದೆ ಆಗೋ ಮಕ್ಕಳನ್ನ ಕರ್ಕೊಂಡು ಹೋದ್ರೆ ಮಕ್ಕಳ ಡಾಕ್ಟ್ರು ಮೊದ್ಲು ಕೇಳೋ ಪ್ರಶ್ನೆಗಳಲ್ಲಿ ಮಲಬದ್ಧತೆನೂ ಒಂದು. ಇಲ್ಲಿ ಸರಪಳಿ ಹೆಂಗಿತ್ತು ಅಂದ್ರೆ ಫ್ಲಶ್ ಸದ್ದಿಗೆ ಹೆದರಿ ಶಾಲೆಲಿ ತಡ್ಕೊಳ್ಳೋದು, ಟಾಯ್ಲೆಟ್ಟಿಗೆ ಹೋಗೋ ಹಂಗೇ ಆಗ್ಬಾರ್ದು ಅಂತ ನೀರು ಕುಡಿಯದೇ ಇರೋದು, ಅದ್ರಿಂದ ಮಲ ಗಟ್ಟಿ ಆಗೋದು, ಗಟ್ಟಿ ಆದ್ರೆ ನೋವು, ನೋವಿಗೆ ಇನ್ನೂ ತಡ್ಕೊಳ್ಳೋದು. ಡಾಕ್ಟ್ರು ಯೂರಿನ್ ಟೆಸ್ಟ್ ಮಾಡ್ಸಿದ್ರು, ಯಾಕಂದ್ರೆ ಆರು ತಿಂಗಳಿಗಿಂತ ಜಾಸ್ತಿ ಬಟ್ಟೆ ಒದ್ದೆ ಆಗದೇ ಇದ್ದ ಮಗು ಮತ್ತೆ ಒದ್ದೆ ಮಾಡ್ಕೊಳ್ಳೋಕೆ ಶುರು ಮಾಡಿದ್ರೆ ಇನ್ಫೆಕ್ಷನ್ನು, ಶುಗರ್ರು ಇಲ್ಲ ಅಂತ ನೋಡ್ಕೋಬೇಕು. (ನೋಡಿ, ನಾನೂ "ಮಾಡ್ಕೊಳ್ಳೋಕೆ" ಅಂತಾನೇ ಬರೆದೆ. ಅಷ್ಟು ಸುಲಭಕ್ಕೆ ಹೋಗಲ್ಲ ಇದು.) ಟೆಸ್ಟಲ್ಲಿ ಏನೂ ಇರ್ಲಿಲ್ಲ. ಮಲ ಮೆತ್ತಗಾಗೋಕೆ ಔಷಧಿ ಕೊಟ್ರು, ಊಟ ಆದ್ಮೇಲೆ ಹತ್ತು ನಿಮಿಷ ಕಾಲಿಗೆ ಸ್ಟೂಲ್ ಆಸರೆ ಕೊಟ್ಟು ಕೂರ್ಸಿ ಅಂದ್ರು, ಬೈಬೇಡಿ ಅಂದ್ರು. 5 ವರ್ಷ ತುಂಬೋ ತನಕ ಇದಕ್ಕೆ ಎನ್ಯೂರೆಸಿಸ್ ಅಂತ ಕಾಯಿಲೆ ಹೆಸರು ಕೂಡ ಕೊಡಲ್ಲ ಅಂದ್ರಂತೆ. ಆ ಮಾತು ಕೇಳಿ ಅಜ್ಜಿ ಸ್ವಲ್ಪ ತಣ್ಣಗಾದ್ರು ಅಂತ ಅಮ್ಮ ಬರೆದಿದ್ರು.

ಶಾಲೆಲಿ ನಾವು ಮಾಡಿದ್ದು ಇಷ್ಟೇ: ಕೆಳಗಿನ ಟಾಯ್ಲೆಟ್ಟು, ಎರಡು ಗಂಟೆಗೊಂದು ಸಲ ಯಾರೂ ಗಮನಿಸದ ಹಂಗೆ ಕರ್ಕೊಂಡು ಹೋಗೋದು, ಬಾಟ್ಲಿ ಮೇಲೆ ಎರಡು ಸ್ಟಿಕ್ಕರ್, ಆಟಕ್ಕೆ ಮುಂಚೆ ಮೇಲಿನ ಸ್ಟಿಕ್ಕರ್ ತನಕ ಕುಡೀಬೇಕು. ಮೂರು ವಾರ ಆದ್ಮೇಲೆ ಮೇಲಿನ ಟಾಯ್ಲೆಟ್ಟಿಗೂ ಹೋದ್ಲು, ಅವ್ಳು ಹೊರಗೆ ಬಂದ್ಮೇಲೆ ಆಯಮ್ಮ ಫ್ಲಶ್ ಮಾಡ್ಬೇಕು ಅನ್ನೋ ಷರತ್ತಿನ ಮೇಲೆ. ಎರಡು ತಿಂಗಳಲ್ಲಿ ವಾರಕ್ಕೆ ನಾಲ್ಕು ಇದ್ದಿದ್ದು ತಿಂಗಳಿಗೆ ಒಂದಕ್ಕೆ ಬಂತು, ಸೊನ್ನೆ ಆಗ್ಲಿಲ್ಲ.

ನನ್ನನ್ನ ಈಗ್ಲೂ ಕಾಡೋದು ಮನೇಲಿ ಆಗಿದ್ದ ಆ ಎರಡು ಮೂರು ಸಲದ ವಿಷ್ಯ. ಮೊದಲ್ನೇ ನೋಟ್ ಒಂದು ತೀರ್ಪು, ಟ್ರೈನಿಂಗ್ ಕೊಟ್ಟಿಲ್ಲ ಅಂತ. ತೀರ್ಪಿಗೆ ಉತ್ತರವಾಗಿ ಬರೋದು ವಾದ, ವಾದ ಗೆಲ್ಲೋಕೆ ಆ ತಾಯಿ ಒಂದು ಸುಳ್ಳು ಹೇಳ್ಬೇಕಾಯ್ತು, ಆ ಸುಳ್ಳನ್ನ ನಾವು ನಂಬಿ "ಓ ಮನೇಲಿ ಆಗಲ್ಲ, ಶಾಲೆಲಿ ಮಾತ್ರ ಆಗುತ್ತೆ ಅಂದ್ರೆ ಹಠನೇ ಇರ್ಬೇಕು" ಅಂತ ಇನ್ನೊಂದು ಹೆಜ್ಜೆ ದಾರಿ ತಪ್ಪಿದ್ವಿ. ಅಷ್ಟು ದಿನ ಮಗು ಹೊಟ್ಟೆ ನೋವು ಇಟ್ಕೊಂಡು ಕ್ಲಾಸಲ್ಲಿ ಕೂತಿತ್ತು.

ಗ್ರೂಪಿನ ವಿಷ್ಯ ಒಂದು ಬಾಕಿ ಇದೆ. ಅಪ್ಪ ಫೋಟೋ ಡಿಲೀಟ್ ಮಾಡಿದ್ರು, ಆದ್ರೆ ಅಷ್ಟೊತ್ತಿಗೆ ಯಾರ್ ಯಾರ ಫೋನಲ್ಲಿ ಸೇವ್ ಆಗಿದ್ಯೋ. ಒಂದೇ ಮಗುವಿಗೆ ಸಂಬಂಧಪಟ್ಟಿದ್ದನ್ನ ಗ್ರೂಪಲ್ಲಿ ಯಾರೂ ಹಾಕಂಗಿಲ್ಲ, ಟೀಚರ್ರೂ, ಪೇರೆಂಟ್ಸೂ ಅಂತ ನಿಯಮ ಮಾಡಿದ್ವಿ. ಮೊದಲ ವಾರನೇ ಒಬ್ರು ಮುರಿದ್ರು, ಅದು ಬೇರೆ ಕಥೆ. ಮಿಸ್ಸು ಈಗ ಕರೆಕ್ಷನ್ ಪೆನ್ನು ಡ್ರಾಯರಲ್ಲಿ ಇಟ್ಟೇ ಡೈರಿ ತೆಗೀತಾರೆ. ಎರಡನೇ ಸಲ ಯಾವ್ದಾದ್ರೂ ಮಗುವಿಗೆ ಏನಾದ್ರೂ ಆದ್ರೆ ಅವತ್ತೇ ಬರೀತಾರೆ, ಬಾಕಿ ಏರೋಕೆ ಬಿಡಲ್ಲ.

ಪುಟ್ಟಿ ಡೈರಿ ವರ್ಷದ ಕೊನೇಲಿ ಒಂದ್ಸಲ ತಿರುವಿ ಹಾಕಿದೆ. ಕೆಂಪು ಪುಟ ಆದ್ಮೇಲೆ ಸುಮಾರು ಪುಟ ಖಾಲಿ, ಕವರಲ್ಲಿ ಓಡಾಡಿದ ದಿನಗಳು ಅವು. ಆಮೇಲೆ ಅಮ್ಮನ ಅಕ್ಷರ, ಒತ್ತದೇ ಬರೆದಿದ್ದು: "ಮಿಸ್, ನಿನ್ನೆ ಬ್ಯಾಗಲ್ಲಿ ಬೇರೆ ಮಗುವಿನ ಸ್ವೆಟರ್ ಬಂದಿದೆ, ವಾಪಸ್ ಇಟ್ಟಿದ್ದೇನೆ. ನಮ್ಮದು ನೀಲಿ, ಎಡಗೈ ಹತ್ತಿರ ಒಂದು ಗುಂಡಿ ಇಲ್ಲ. ಸಿಕ್ಕಿದರೆ ಕಳಿಸಿ." ಕೆಳಗೆ ಮಿಸ್ಸು: "ಸಿಕ್ಕಿದೆ. ಗುಂಡಿ ಆಯಮ್ಮ ಹೊಲಿದಿದ್ದಾರೆ."